ಸೀಳುತುಟಿಯ ಮಕ್ಕಳೂ ಪರದೇಶದ ವೈದ್ಯ ಶಿಬಿರಗಳೂ

1982ರಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತದ ಪ್ಲಾಸ್ಟಿಕ್ ಶಸ್ತ್ರವೈದ್ಯ ವಿಲಿಯಂ ಮೆಗೀ ಹಾಗೂ ದಾದಿಯಾಗಿದ್ದ ಅವರ ಪತ್ನಿ ಕ್ಯಾಥ್ಲೀನ್ ಅವರು ಸ್ವಯಂಸೇವಕರ ತಂಡವೊಂದರೊಡನೆ ಫಿಲಿಪೀನ್ಸ್ ದೇಶದ ನಾಗಾ ನಗರಕ್ಕೆ ತೆರಳಿದರು. ತುಟಿ ಅಥವಾ ಅಂಗುಳ ಸೀಳಿ ಹುಟ್ಟಿದ ಬಡ ಮಕ್ಕಳಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವುದು ಅವರ ಉದ್ದೇಶವಾಗಿತ್ತು. ನೆರೆದ ಮಕ್ಕಳು ಮುನ್ನೂರರಷ್ಟು; ಚಿಕಿತ್ಸೆ ದೊರೆತದ್ದು ಸುಮಾರು 40 ಮಕ್ಕಳಿಗೆ. ಉಳಿದವರು ಬಂದ ದಾರಿಯಲ್ಲೇ ಹಿಂದಿರುಗಿದರು. ಅವರಿಗಾಗಿ ಮತ್ತೆ ಬರಬೇಕೆಂಬ ಸಂಕಲ್ಪದಿಂದ 'ಆಪರೇಷನ್ ಸ್ಮೈಲ್' ಸಂಸ್ಥೆ ಹುಟ್ಟಿತು.

ಗರ್ಭಸ್ಥ ಶಿಶುವಿನ ಮುಖದ ಇಕ್ಕೆಲಗಳಿಂದ ಬೆಳೆದು ಬರುವ ಭಾಗಗಳು ಎರಡನೆಯ ತಿಂಗಳಿನಲ್ಲಿ ಕೂಡಿಕೊಂಡು ತುಟಿಯಾಗುತ್ತವೆ; ಅನಂತರ ಅಂಗುಳವೂ ಹೀಗೆಯೇ ಬೆಸೆದುಕೊಳ್ಳುತ್ತದೆ. ಈ ಬೆಸುಗೆ ತಪ್ಪಿದರೆ ಸೀಳು ಉಳಿಯುತ್ತದೆ. ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಹೀಗಾಗುವುದುಂಟು. ಗ್ರಹಣಕಾಲದಲ್ಲಿ ಬಸುರಿ ಕತ್ತಿ ಮುಟ್ಟಿದುದೇ ಕಾರಣವೆಂದು ಕನ್ನಡನಾಡಿನ ಹಳ್ಳಿಗಳಲ್ಲಿ ಹೇಳುವಂತೆ ದೂರದ ಮೆಕ್ಸಿಕೋದಲ್ಲಿಯೂ ಗ್ರಹಣವನ್ನೇ ದೂರುತ್ತಾರೆ. ಎಲ್ಲಿ ನೋಡಿದರೂ ತಪ್ಪು ತಾಯಿಯ ತಲೆಗೇ ಬರುವುದು ವಿಷಾದಕರ.

ಇಂತಹ ಶಿಬಿರಕ್ಕೆ ಹೋಗುವವರೆಲ್ಲ ಶಸ್ತ್ರವೈದ್ಯರಲ್ಲ. ಅರಿವಳಿಕೆ ತಜ್ಞರು, ದಾದಿಯರು ಬೇಕು. ತೂಕ ನೋಡಿ ದಾಖಲೆ ಬರೆಯುವವರು, ಅಳುವ ಮಗುವನ್ನು ಆಡಿಸುವವರೂ ಬೇಕು. ಮೊದಲಿಗೆ ತಪಾಸಣೆ. ತುಟಿಯ ಚಿಕಿತ್ಸೆಗೆ 10 ವಾರ ವಯಸ್ಸು, 10 ಪೌಂಡು ತೂಕ, ರಕ್ತದಲ್ಲಿ 10 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬುದು ಹಳೆಯ ಸೂತ್ರ. ಅಂಗುಳ ಸೀಳಿದ ಕೂಸಿಗೆ ಮೊಲೆಹಾಲು ಹೀರುವುದೇ ಕಷ್ಟವಾದುದರಿಂದ ಈ ತೂಕಕ್ಕೆ ಬರುವುದೇ ತಡ. ಕೆಮ್ಮು ಕಂಡರೂ ಮುಂದೂಡಬೇಕು. ದೂರದಿಂದ ಬಂದ ತಾಯಿಗೆ ಇದನ್ನು ತಿಳಿಸುವ ಕೆಲಸ ಶಸ್ತ್ರಚಿಕಿತ್ಸೆಗಿಂತ ಸುಲಭವೇನಲ್ಲ.

ತುಟಿಯನ್ನು ಸುಮಾರು ಒಂದು ಗಂಟೆಯಲ್ಲಿ ಹೊಲಿಯಬಹುದು. ಅಂಗುಳದ ಕಥೆ ಬೇರೆ. ಅಲ್ಲಿ ಸೀಳಿದ್ದರೆ ಉಸಿರು ಬಾಯಿಯಲ್ಲಿ ನಿಲ್ಲದೆ ಮೂಗಿಗೆ ನುಗ್ಗುತ್ತದೆ. ವರ್ಗೀಯ ವ್ಯಂಜನಗಳಲ್ಲಿ ಅನುನಾಸಿಕಗಳಿಗೆ ಅಷ್ಟಾಗಿ ಬಾಧೆಯಿಲ್ಲ. ಉಸಿರನ್ನು ತಡೆದು ಬಿಡಬೇಕಾದ ಕ, ತ, ಪ ಮೊದಲಾದುವು ಕೆಡುತ್ತವೆ. ಕನ್ನಡದ ಮಗುವಾದರೆ 'ಅಮ್ಮ' ಎಂದೀತು, 'ಅಪ್ಪ' ಎನ್ನಲಾರದು. ಫಿಲಿಪೀನ್ಸಿನ ಮಗು ತಾಯಿಯನ್ನು 'ನಾನಾಯ್' ಎಂದು ಕರೆದೀತು. ತಂದೆಯನ್ನು ಕರೆಯುವ 'ತಾತಾಯ್' ಎಂಬ ಮಾತು ಮೂಗಿನಲ್ಲಿ ಕರಗಿಹೋಗುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಅಂಗುಳವನ್ನು ಮುಚ್ಚಿದರೆ ಮಾತು ನೇರವಾಗುವ ಸಂಭವ ಹೆಚ್ಚು. ತಡವಾದಷ್ಟೂ ತಪ್ಪು ಉಚ್ಚಾರವೇ ರೂಢಿಯಾಗಿ, ಶಸ್ತ್ರಚಿಕಿತ್ಸೆಯ ಅನಂತರವೂ ಉಳಿಯುತ್ತದೆ.

ಅದನ್ನು ತಿದ್ದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಭ್ಯಾಸ ಬೇಕು. ಅದೂ ಮಗುವಿನ ತಾಯ್ನುಡಿಯಲ್ಲಿ. ಒಂದೆರಡು ವಾರಕ್ಕೆಂದು ಬಂದ ಪರದೇಶದ ಸ್ವಯಂಸೇವಕನು ಎಷ್ಟೇ ದಯಾಳುವಾಗಿದ್ದರೂ ಈ ಕೆಲಸ ಅವನಿಂದಾಗದು. 1999ರಲ್ಲಿ ಆರಂಭವಾದ 'ಸ್ಮೈಲ್ ಟ್ರೇನ್' ಸಂಸ್ಥೆಯು ತಂಡಗಳನ್ನು ಕಳುಹಿಸುವ ಬದಲು ಆಯಾ ದೇಶದ ವೈದ್ಯರಿಗೇ ತರಬೇತಿ, ಧನಸಹಾಯಗಳನ್ನು ನೀಡುವ ಮಾರ್ಗವನ್ನು ಹಿಡಿಯಿತು. ಆಪರೇಷನ್ ಸ್ಮೈಲ್ ಸಹ ಶಿಬಿರಗಳಿಗಷ್ಟೇ ನಿಲ್ಲದೆ, 2011ರಲ್ಲಿ ಅಸ್ಸಾಮಿನ ಗುವಾಹಟಿಯಲ್ಲಿ ಸ್ಥಿರವಾದ ಚಿಕಿತ್ಸಾಕೇಂದ್ರವೊಂದನ್ನು ತೆರೆಯಿತು.

ಮಾತು ತಿದ್ದುವವರ ಸಲಕರಣೆ ದೊಡ್ಡದೇನಲ್ಲ. ಮಗುವಿನ ತುಟಿಯೆದುರು ಕಾಗದದ ಸಣ್ಣ ಪಟ್ಟಿಯೊಂದನ್ನು ಹಿಡಿದು 'ಪ' ಎನ್ನಿಸುತ್ತಾರೆ. ಪಟ್ಟಿ ಅಲುಗಿದರೆ ಉಸಿರು ಬಾಯಿಯಿಂದ ಬಂದಿತೆಂದು ಅರ್ಥ. ಅಲುಗದಿದ್ದರೆ ಮತ್ತೊಮ್ಮೆ 'ಪ'.