ಎರೆಯಲ್ಲಿ ಹೂತ ಗಾಲಿ

ಗದಗ ತಾಲೂಕಿನ ಹಿರೇಹಂದಿಗೋಳ ಮೊದಲಾದ ಎರೆಸೀಮೆಯ ಊರುಗಳಲ್ಲಿ ಮುಂಗಾರಿಯ ಉಳ್ಳಾಗಡ್ಡಿಯನ್ನು ಕಿತ್ತು ಚೀಲ ತುಂಬುವ ಕಾಲವೂ, ಉತ್ತರಿ, ಹಸ್ತಿ, ಚಿತ್ತಿ ಎಂದು ರೈತರು ನಕ್ಷತ್ರದ ಹೆಸರಿನಿಂದ ಎಣಿಸುವ ಮಳೆಗಳ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಬಿಳಿಜೋಳ ಕಡಲೆಗಳ ಬಿತ್ತನೆಗೆ ಅನುಗ್ರಹವಾಗಿ ಬಂದ ಮಳೆಯೇ ಮಾಲು ಸಾಗಿಸುವವನಿಗೆ ವಿಘ್ನವಾಗಿ ಪರಿಣಮಿಸುವುದುಂಟು. ಹುಬ್ಬಳ್ಳಿಯ ಪೇಟೆಗೋ ಬೆಂಗಳೂರಿನ ಯಶವಂತಪುರಕ್ಕೋ ಹೊರಡಬೇಕಾದ ಲಾರಿಯು ಡಾಂಬರು ರಸ್ತೆಯನ್ನು ಬಿಟ್ಟು ಹೊಲದ ದಾರಿಗಿಳಿದು, ಖಾಲಿಯಾಗಿದ್ದಾಗ ಹೇಗೋ ಒಳಹೊಕ್ಕು, ಹೇರು ಹೊತ್ತು ಹೊರಡುವಷ್ಟರಲ್ಲಿ ಹಿಂದಿನ ಗಾಲಿಗಳನ್ನು ಅಚ್ಚಿನವರೆಗೆ ರಾಡಿಯಲ್ಲಿ ಹೂತುಕೊಂಡು ನಿಲ್ಲುತ್ತದೆ. ಅದನ್ನು ಪ್ರಾಣಾಪಾಯವಿಲ್ಲದೆ ಹೊರತೆಗೆಯುವ ಕ್ರಮವೇ ಈ ಅಧ್ಯಾಯದ ವಿಷಯ. ವಿನೋದಕ್ಕಾಗಿಯೇ ಜೀಪುಗಳನ್ನು ಕಾಡುಮೇಡುಗಳ ಕೆಸರಿಗಿಳಿಸುವ ಹವ್ಯಾಸವೊಂದು ಈಚೆಗೆ ಬೆಳೆದಿದೆ; ಹೂತ ಗಾಲಿಗೆ ವಿನೋದವೂ ವ್ಯಾಪಾರವೂ ಒಂದೇ ಆದ್ದರಿಂದ ಇಲ್ಲಿ ಹೇಳುವುದು ಆ ಸಾಹಸಿಗಳಿಗೂ ಅನ್ವಯಿಸುತ್ತದೆ.

ಮೊದಲು ಮಣ್ಣಿನ ಸ್ವಭಾವವನ್ನು ತಿಳಿಯಬೇಕು. ಎರೆಮಣ್ಣಿನಲ್ಲಿ ಜೇಡಿಯ ಅಂಶವೇ ಅಧಿಕ. ಆ ಜೇಡಿಯಲ್ಲಿಯೂ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ವರ್ಗವು ಪ್ರಧಾನವಾದುದು. ಇದರ ಕಣಗಳು ಅತಿ ಸೂಕ್ಷ್ಮವಾದ ಪದರಗಳಿಂದ ರಚಿತವಾಗಿದ್ದು, ನೀರು ಆ ಪದರಗಳ ನಡುವೆ ಪ್ರವೇಶಿಸಿ ಅವುಗಳನ್ನು ಪರಸ್ಪರ ದೂರ ಸರಿಸುವುದರಿಂದ ಮಣ್ಣು ಉಬ್ಬಿ, ಬೇಸಗೆಯಲ್ಲಿ ಕಲ್ಲಿನಷ್ಟೇ ಬಿರುಸಾಗಿದ್ದುದು ಮಳೆಯಲ್ಲಿ ಭಾರ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನೀರು ಆರಿದಾಗ ಅದೇ ಮಣ್ಣು ಕುಗ್ಗಿ, ಒಂದು ಮೀಟರಿಗೂ ಮಿಕ್ಕಿದ ಆಳದವರೆಗೆ ಬಿರಿಯುತ್ತದೆ. ಮಸಾರಿ ನೆಲವು ನೀರನ್ನು ಬೇಗನೆ ಕೆಳಗಿಳಿಸುತ್ತದೆ, ಎರೆಯು ಹಿಡಿದಿಟ್ಟುಕೊಳ್ಳುತ್ತದೆ. ಈ ಗುಣವೇ ಹಿಂಗಾರಿ ಪೈರಿಗೆ ಜೀವಾಧಾರವೆಂಬುದು ನಿಜವಾದರೂ, ಒಂದೆರಡು ದಿನದ ಬಿಸಿಲಿಗೆ ಮೇಲ್ಮೈ ಮಾತ್ರ ಒಣಗಿ, ಗೇಣುದ್ದದ ಕೆಳಗೆ ಹುದುಲು ಹಾಗೆಯೇ ಉಳಿದಿರುವಾಗ ಹೊಸಬನಾದ ಚಾಲಕನು ಮೋಸಹೋಗುವುದು ಇಲ್ಲಿಯೇ. ಹಾರೆಯನ್ನು ನೆಲಕ್ಕೂರಿ ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ.

ಈ ಸಂಕಟ ಲಾರಿಯೊಡನೆ ಹುಟ್ಟಿದ್ದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಕನ್ನಡದಲ್ಲಿ ಹಾಡಿದ ಕುಮಾರವ್ಯಾಸನ ಶ್ರೋತೃಗಳಿಗೆ ನೆಲ ನುಂಗಿದ ಕರ್ಣನ ರಥಚಕ್ರವು ಅಪರಿಚಿತ ದೃಶ್ಯವಾಗಿರಲಾರದೆಂದು ನನ್ನ ಊಹೆ. ರಥವಿಳಿದು ಗಾಲಿಗೆ ಕೈಹಚ್ಚಿದ ಕರ್ಣನ ಕ್ರಮವಂತೂ ಸರಿಯಾದುದೇ, ಸಮಯವೊಂದೇ ಪ್ರತಿಕೂಲವಾಗಿದ್ದಿತು. 1884ರಲ್ಲಿ ರೈಲುಮಾರ್ಗವು ಗದಗನ್ನು ಮುಟ್ಟುವುದಕ್ಕೆ ಮುನ್ನ ಈ ನಾಡಿನ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರುತ್ತಿದ್ದುದು ಎತ್ತುಗಳ ಬಲದಿಂದ, ಅದೂ ಮಳೆಗಾಲ ಕಳೆದು ನೆಲ ಗಟ್ಟಿಯಾದ ಮೇಲೆ. ಚಕ್ಕಡಿ ಹೂತರೆ ಅದರ ಒಡೆಯನು ಮೊದಲು ಹೇರನ್ನು ಇಳಿಸುವನು, ಬಳಿಕ ಗಾಲಿಯ ಮುಂದಿನ ಮಣ್ಣನ್ನು ಬಗೆಯುವನು, ಕಟ್ಟಕಡೆಗೆ ಇನ್ನೊಂದು ಜೋಡಿ ಎತ್ತುಗಳನ್ನು ಹೂಡುವನು. ಎತ್ತಿನ ದಣಿವು ಕಣ್ಣಿಗೆ ಕಾಣುತ್ತಿದ್ದುದೇ ಈ ವಿವೇಕಕ್ಕೆ ಕಾರಣವಿರಬೇಕು. ಯಂತ್ರ ಬಂದ ಮೇಲೆ ಕ್ರಮವು ತಲೆಕೆಳಗಾಯಿತು: ಮೊದಲು ಇಂಜಿನ್ನಿನ ಗರ್ಜನೆ, ಅನಂತರ ನೆರೆಯವರ ಟ್ರ್ಯಾಕ್ಟರು, ಅದೂ ಸೋತ ಮೇಲೆ ಸಲಿಕೆ. ಅಪಘಾತಗಳಲ್ಲಿ ಬಹುಪಾಲು ಈ ವಿಪರ್ಯಾಸದ ಫಲವೆಂದೇ ನಾನು ಭಾವಿಸುತ್ತೇನೆ.

ಗಾಲಿ ಜಾರಿ ತಿರುಗತೊಡಗಿದ ಕ್ಷಣದಲ್ಲಿಯೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ವ್ಯವಸ್ಥೆಯು ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ವೇಗವಾಗಿ ಉರುಳಲೆಂದು ನಿರ್ಮಿತವಾದುದು. ಅದು ಎರಡೂ ಗಾಲಿಗಳಿಗೆ ಸಮನಾದ ಬಲವನ್ನೇ ಹಂಚುವುದರಿಂದ, ಒಂದು ಗಾಲಿ ರಾಡಿಯಲ್ಲಿ ಹಿಡಿತ ತಪ್ಪಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪವಾದ ಬಲ ದೊರೆತು ಅದು ಸುಮ್ಮನೆ ನಿಲ್ಲುತ್ತದೆ. ಇಂತಹ ಸ್ಥಿತಿಯಲ್ಲಿ ವೇಗಮಾಪಕವು 40 ಕಿಲೋಮೀಟರನ್ನು ತೋರಿಸುತ್ತಿದ್ದರೆ, ಜಾರುವ ಗಾಲಿಯು ವಾಸ್ತವವಾಗಿ 80ರ ವೇಗದಲ್ಲಿ ತಿರುಗುತ್ತಿರುತ್ತದೆ. ಟೈರು ಕಾದು ಸಿಡಿಯುವುದಕ್ಕೆ ಇಷ್ಟು ಸಾಕು. ಡಿಫರೆನ್ಷಿಯಲ್ಲನ್ನು ಬಂಧಿಸುವ ಲಾಕ್ ಇದ್ದಲ್ಲಿ ಗಾಲಿ ನಿಂತಿರುವಾಗಲೇ ಅದನ್ನು ಹಾಕಿ, ಕೆಳಗೇರಿನಲ್ಲಿ ಮೆಲ್ಲನೆ, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಪ್ರಯತ್ನಿಸಬಹುದು. ಆಗದಿದ್ದರೆ ನಿಲ್ಲಿಸುವುದೇ ಲೇಸು.

ಇನ್ನು ಎಳೆಯುವ ಲೆಕ್ಕ. ಅಚ್ಚಿನ ಮಟ್ಟಕ್ಕೆ ಹೂತ ವಾಹನವನ್ನು ಕದಲಿಸಲು ಸುಮಾರಾಗಿ ಅದರ ಒಟ್ಟು ತೂಕದಷ್ಟೇ ಸೆಳೆತ ಬೇಕೆಂದೂ, ಒಡಲೇ ಕೆಸರಿಗೆ ತಾಗಿದ್ದರೆ ಅದರ ಇಮ್ಮಡಿ ಬೇಕೆಂದೂ ಸೈನ್ಯದ ಕೈಪಿಡಿಗಳು ಹೇಳುತ್ತವೆ. ಹೇರು ಸಹಿತ 16 ಟನ್ ತೂಗುವ ಲಾರಿಯ ಮುಂದೆ 2 ಟನ್ನಿನ ಟ್ರ್ಯಾಕ್ಟರನ್ನು ನಿಲ್ಲಿಸಿದರೆ, ಹಸಿ ಎರೆಯ ಮೇಲೆ ಅದು ತನ್ನ ತೂಕದ ಅರ್ಧದಷ್ಟನ್ನು ಸೆಳೆದರೆ ಅದೇ ಹೆಚ್ಚು. ಹದಿನಾರಕ್ಕೆ ಒಂದು! ಆದ್ದರಿಂದ ಚೀಲಗಳನ್ನು ಇಳಿಸತಕ್ಕದ್ದು. ಪ್ರತಿ ಗಾಲಿಯ ಮುಂದೆಯೂ ಇಳಿಜಾರಾಗಿ ಮಣ್ಣು ತೆಗೆಯತಕ್ಕದ್ದು. ಅಚ್ಚಿನ ಅಡಿಯಲ್ಲಿ ಸಿಕ್ಕಿಕೊಂಡ ಗುಡ್ಡೆಯನ್ನು ಬಗೆದು, ಗಾಲಿಯ ಬುಡಕ್ಕೆ ಹತ್ತಿಕಟಿಗೆಯನ್ನೋ ಜಲ್ಲಿಯನ್ನೋ ಹಲಗೆಯನ್ನೋ ತುರುಕತಕ್ಕದ್ದು. ಇಷ್ಟು ಮಾಡಿದರೆ ಬೇಕಾದ ಸೆಳೆತವು ಬಹಳವಾಗಿ ಇಳಿದು, ಅನೇಕ ವೇಳೆ ಲಾರಿಯು ಯಾರ ಸಹಾಯವೂ ಇಲ್ಲದೆ ಏರಿ ಬರುತ್ತದೆ. ಗಾಲಿಯನ್ನು ಎತ್ತಬೇಕಾದರೆ ಜಾಕಿನ ಕೆಳಗೆ ಅಗಲವಾದ ಹಲಗೆಯಿರಲಿ. ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ನುಸುಳಬಾರದು.

ಹವಾ ಇಳಿಸುವ ಉಪಾಯವೂ ಉಂಟು. ಟೈರು ನೆಲವನ್ನು ಒತ್ತುವ ಒತ್ತಡವು ಸ್ಥೂಲವಾಗಿ ಅದರೊಳಗಿನ ಹವೆಯ ಒತ್ತಡಕ್ಕೆ ಸಮನಾದುದರಿಂದ, 100 ಪೌಂಡು ಹವಾ ತುಂಬಿದ ಲಾರಿಯ ಟೈರು ಮುಳುಗುವಲ್ಲಿ 15 ಪೌಂಡಿನ ಆಸುಪಾಸಿನ ಟ್ರ್ಯಾಕ್ಟರಿನ ಹಿಂಗಾಲಿ ಮೇಲೆಯೇ ಸಾಗುತ್ತದೆ. ಖಾಲಿ ಮಾಡಿದ ಲಾರಿಯ ಟೈರಿನಿಂದ ಮೂರನೆಯ ಒಂದು ಪಾಲು ಹವಾ ಬಿಟ್ಟರೆ ನೆಲವನ್ನಪ್ಪುವ ಪಾದವು ಅಗಲವಾಗುತ್ತದೆ. ಆದರೆ ಮತ್ತೆ ತುಂಬುವ ಅನುಕೂಲವಿಲ್ಲದವನು ಈ ಗೊಡವೆಗೆ ಹೋಗಬಾರದು.

ಎಳೆಯಲೇಬೇಕಾದಾಗ ಎರಡು ಮೃತ್ಯುಗಳನ್ನು ನೆನಪಿನಲ್ಲಿಡಬೇಕು. ಒಂದು ಹಗ್ಗದಲ್ಲಿದೆ. ಬಿಗಿದ ತಂತಿಹಗ್ಗವು ಸೆಳೆತದ ಶಕ್ತಿಯನ್ನೆಲ್ಲ ತನ್ನಲ್ಲಿ ಸಂಗ್ರಹಿಸಿಕೊಂಡಿರುತ್ತದೆ. ಅದು ಹರಿದರೆ, ಇಲ್ಲವೆ ಕಟ್ಟಿದ ಕೊಂಡಿಯು ಕಿತ್ತರೆ, ಬಿಟ್ಟ ಕವಣೆಯ ಕಲ್ಲಿನಂತೆ ಹಿಂದಿರುಗಿ ಅಡ್ಡ ಸಿಕ್ಕ ಮನುಷ್ಯನನ್ನು ಉಳಿಸುವುದಿಲ್ಲ. ಆದುದರಿಂದ ಹಗ್ಗವನ್ನು ಬಂಪರಿಗಾಗಲಿ ಸ್ಪ್ರಿಂಗಿನ ಪಟ್ಟಿಗಾಗಲಿ ಬಿಗಿಯದೆ, ಚಾಸಿಗೆ ಸೇರಿದ ಹುಕ್ಕಿಗೇ ಬಿಗಿಯಬೇಕು. ನಡುಹಗ್ಗದ ಮೇಲೆ ಒದ್ದೆಯಾದ ಗೋಣಿತಟ್ಟನ್ನೋ ಕಂಬಳಿಯನ್ನೋ ಹೊದಿಸಬೇಕು. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರನ್ನೂ ನಿಲ್ಲಗೊಡಬಾರದು. ನಮ್ಮ ಹಳ್ಳಿಗಳಲ್ಲಿ ಲಾರಿ ಹೂತಿತೆಂದರೆ ಮಕ್ಕಳು ಮರಿ ಸಹಿತ ಊರೇ ನೆರೆಯುವುದರಿಂದ, ಈ ಕೊನೆಯ ನಿಯಮವನ್ನು ಪಾಲಿಸುವುದು ಲಾರಿಯನ್ನು ಎಳೆಯುವುದಕ್ಕಿಂತಲೂ ಕಷ್ಟ.

ಎರಡನೆಯದು ಟ್ರ್ಯಾಕ್ಟರಿನಲ್ಲಿದೆ, ಅದರ ಅರಿವು ಇನ್ನೂ ವಿರಳ. ಹಿಂದಿನ ಗಾಲಿ ತಿರುಗಲಾರದೆ ನಿಂತಾಗ ಇಂಜಿನ್ನಿನ ಬಲವು ಗಾಲಿಯನ್ನು ತಿರುಗಿಸುವ ಬದಲು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ಮೇಲೆತ್ತುತ್ತದೆ. ಹಗ್ಗವನ್ನು ಕೆಳಗಿನ ಎಳೆಕೊಂಡಿಗೆ ಕಟ್ಟಿದ್ದರೆ ಮೂತಿ ಏರಿದಂತೆ ಕೊಂಡಿಯೂ ತಗ್ಗಿ ಎಳೆತ ಸಡಿಲುತ್ತದೆ. ಅಚ್ಚಿಗೋ ಅದಕ್ಕಿಂತ ಮೇಲಕ್ಕೋ ಕಟ್ಟಿದ್ದರೆ, ಸುಮಾರು 1.5 ಸೆಕೆಂಡಿನೊಳಗೆ, ಚಾಲಕನು ಕ್ಲಚ್ ತುಳಿಯುವ ಮೊದಲೇ, ಯಂತ್ರವು ಅವನ ಮೇಲೆ ಹಿಂದುರುಳುತ್ತದೆ. ಹೂತ ಟ್ರ್ಯಾಕ್ಟರಿನ ಹಿಂಗಾಲಿಗೆ ತೊಲೆಯನ್ನು ಬಿಗಿದು ಮುಂದಕ್ಕೆ ಹೊರಡಿಸುವ ಚಾತುರ್ಯವು ಇದೇ ಕಾರಣದಿಂದ ಅತಿ ಘೋರವಾದುದು. ಅಂತಹ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವುದೇ ಕ್ಷೇಮ. ರಿವರ್ಸಿನಲ್ಲಿ ಅದೇ ಬಲವು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ.

ಲಾರಿ ದಡ ಸೇರಿದ ಮೇಲೆ ಹಿಂಬದಿಯ ಜೋಡಿ ಟೈರುಗಳ ನಡುವೆ ಮೆತ್ತಿದ ಮಣ್ಣನ್ನು ಕೆರೆದು, ಹವಾ ಮೊದಲಿನಷ್ಟಕ್ಕೆ ತುಂಬಿಸಿ, ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಲವು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡಲ್ಲದೆ ಹೆದ್ದಾರಿಗೆ ಏರಕೂಡದು. ಹೊಲದಲ್ಲಿ ಗಾಲಿ ಕೊರೆದ ಹೊಂಡಗಳನ್ನು ಮಣ್ಣು ಹದಕ್ಕೆ ಬಂದ ಕೂಡಲೆ ಮುಚ್ಚಿಕೊಡುವುದು ಹೂತವನ ಹೊಣೆ. ತಡವಾದರೆ ಎರೆಯು ಹಾಗೆಯೇ ಬಿರುಸಾಗಿ, ಆ ಜಾಡಿನಲ್ಲಿ ಕೂರಿಗೆ ಇಳಿಯುವುದಿಲ್ಲ.