ಆರೋಗ್ಯ ಕಾರ್ಯಕರ್ತರಿಗೆ ಫ್ಲೂ ಲಸಿಕೆ

ವೈದ್ಯರು, ಶುಶ್ರೂಷಕರು, ಪ್ರಯೋಗಾಲಯ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು ಹಾಗೂ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಭಾರತದ ಕೇಂದ್ರ ಆರೋಗ್ಯ ಸಚಿವಾಲಯವೂ ಶಿಫಾರಸು ಮಾಡಿವೆ. ಲಸಿಕೆ ಪಡೆದವರೊಂದಿಗೆ ಅವರ ಆರೈಕೆಯಲ್ಲಿರುವ ರೋಗಿಗಳ ರಕ್ಷಣೆಯೂ ಇದರ ಉದ್ದೇಶವಾಗಿದೆ.

ಅಗತ್ಯ

ಫ್ಲೂ ವೈರಾಣು ಕೆಮ್ಮು, ಸೀನುಗಳ ಹನಿಗಳಿಂದ ಹರಡುತ್ತದೆ. ಸೋಂಕಿತ ವ್ಯಕ್ತಿಯು ಜ್ವರ ಕಾಣಿಸಿಕೊಳ್ಳುವ ಸುಮಾರು ಒಂದು ದಿನ ಮೊದಲೇ ಇತರರಿಗೆ ರೋಗ ಹರಡಬಲ್ಲನು. ಆದ್ದರಿಂದ ಆರೋಗ್ಯವಾಗಿರುವಂತೆ ಕಾಣುವ ಸಿಬ್ಬಂದಿಯಿಂದಲೂ ವೃದ್ಧರು, ಗರ್ಭಿಣಿಯರು, ಮಧುಮೇಹಿಗಳು ಮತ್ತು ಹಸುಗೂಸುಗಳಿಗೆ ಸೋಂಕು ತಗಲಬಹುದು. ಆರು ತಿಂಗಳೊಳಗಿನ ಶಿಶುಗಳಿಗೆ ಈ ಲಸಿಕೆ ನೀಡುವಂತಿಲ್ಲ. ಹೆರಿಗೆ ವಾರ್ಡಿನಲ್ಲಿ ಅವುಗಳ ರಕ್ಷಣೆ ಸುತ್ತಲಿನವರನ್ನೇ ಅವಲಂಬಿಸಿದೆ.

ಮಂಡ್ಯ ಜಿಲ್ಲೆಯಲ್ಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ಇಲ್ಲಿ ತಾಲ್ಲೂಕು ಆಸ್ಪತ್ರೆಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲದೆ, ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳಿಗೆ ಹೊಂದಿಕೊಂಡಿರುವ ಹಾಸನ ಜಿಲ್ಲೆಯಲ್ಲಿ 2023ರ ಮಾರ್ಚ್ 1ರಂದು ಎಚ್3ಎನ್2 ಸೋಂಕಿತ ಹಿರಿಯರೊಬ್ಬರು ಮೃತಪಟ್ಟರು. ಅದೇ ತಿಂಗಳು ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಅವರು ಆಸ್ಪತ್ರೆ ಸಿಬ್ಬಂದಿಯು ಮುಖಗವಸು ಧರಿಸಿ, ಫ್ಲೂ ಲಸಿಕೆ ಪಡೆಯಬೇಕೆಂದು ಸೂಚಿಸಿದರು.

ಹಿಂಜರಿಕೆಯ ಕಾರಣಗಳು

ಲಸಿಕೆಯಿಂದಲೇ ಫ್ಲೂ ಬರುತ್ತದೆ ಎಂಬುದು ಸಾಮಾನ್ಯ ತಪ್ಪುಕಲ್ಪನೆ. ನಿಷ್ಕ್ರಿಯಗೊಳಿಸಿದ ವೈರಾಣುವಿನ ಚುಚ್ಚುಮದ್ದು ರೋಗವನ್ನು ಉಂಟುಮಾಡಲಾರದು. ತೋಳಿನ ನೋವು ಹಾಗೂ ಅಲ್ಪ ಜ್ವರ ಒಂದೆರಡು ದಿನಗಳಲ್ಲಿ ಶಮನವಾಗುತ್ತವೆ. ವೈರಾಣು ನಿರಂತರವಾಗಿ ರೂಪಾಂತರಗೊಳ್ಳುವುದರಿಂದಲೂ ರಕ್ಷಣೆ ಕಾಲಕ್ರಮೇಣ ಕುಂದುವುದರಿಂದಲೂ ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಲಸಿಕೆ ಪಡೆದವರಿಗೂ ಕೆಲವೊಮ್ಮೆ ಸೋಂಕು ತಗಲುವುದುಂಟು. ಆದರೆ ರೋಗ ಉಲ್ಬಣಿಸುವ ಸಾಧ್ಯತೆ ಕಡಿಮೆಯಾಗುತ್ತದೆ.

ಪ್ರೋತ್ಸಾಹದ ಕ್ರಮಗಳು

ಫ್ಲೂ ಲಸಿಕೆ ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಆದ್ದರಿಂದ ಕೆಲಸದ ಸ್ಥಳದಲ್ಲಿಯೇ ಉಚಿತವಾಗಿ ಒದಗಿಸುವುದು ಮುಖ್ಯ ಪ್ರೋತ್ಸಾಹಕವಾಗಿದೆ. ರಾತ್ರಿ ಪಾಳಿಯವರಿಗೂ ಹೊರಗುತ್ತಿಗೆ ನೌಕರರಿಗೂ ಅನುಕೂಲವಾದ ವೇಳೆ ನಿಗದಿಪಡಿಸುವುದು, ಹಿರಿಯ ವೈದ್ಯರು ಮೊದಲು ಲಸಿಕೆ ಪಡೆಯುವುದು ಮತ್ತು ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಗಳಲ್ಲಿ ಸಂದೇಹಗಳಿಗೆ ಉತ್ತರಿಸುವುದು ಇತರ ಉಪಾಯಗಳು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕಾಗುವುದರಿಂದ ಮಳೆಗಾಲಕ್ಕೆ ಮುನ್ನವೇ ಲಸಿಕೆ ಪಡೆಯುವುದು ಸೂಕ್ತ. ಕೈ ತೊಳೆಯುವುದು, ಮುಖಗವಸು ಧರಿಸುವುದು ಮತ್ತು ಜ್ವರವಿದ್ದಾಗ ರಜೆ ತೆಗೆದುಕೊಳ್ಳುವುದು ಲಸಿಕೆಯ ಜೊತೆಗೆ ಪಾಲಿಸಬೇಕಾದ ಕ್ರಮಗಳಾಗಿವೆ.