ಒಂದೇ ಲೋಹ, ಬೇರೆ ಬಣ್ಣ

ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಮುಖ್ಯ ಕಾರಣ ಒಂದೇ ಲೋಹ: ಕ್ರೋಮಿಯಂ. ಮಾಣಿಕ್ಯದ ಮೂಲ ಖನಿಜ ಕೊರಂಡಮ್, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಪಚ್ಚೆಯದು ಬೆರಿಲ್, ಅದರಲ್ಲಿ ಅಲ್ಯೂಮಿನಿಯಂ ಜೊತೆಗೆ ಬೆರಿಲಿಯಂ, ಸಿಲಿಕಾನ್‌ಗಳೂ ಇವೆ. ಶುದ್ಧವಾಗಿದ್ದರೆ ಎರಡಕ್ಕೂ ಬಣ್ಣವಿಲ್ಲ. ನೂರು ಅಲ್ಯೂಮಿನಿಯಂ ಅಯಾನುಗಳಲ್ಲಿ ಒಂದರ ಜಾಗಕ್ಕೆ ಕ್ರೋಮಿಯಂ ಬಂದರೂ ಸಾಕು, ಬಣ್ಣ ಮೂಡುತ್ತದೆ.

ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್ ಮೊದಲಾದವು ಸಂಕ್ರಮಣ ಲೋಹಗಳು. ಇವುಗಳ ಬಿಡಿ ಅಯಾನಿನಲ್ಲಿ ಐದು ಡಿ ಕಕ್ಷಕಗಳ ಶಕ್ತಿ ಸಮನಾಗಿರುತ್ತದೆ. ಹರಳಿನೊಳಗೆ ಸುತ್ತಲಿನ ಆಕ್ಸಿಜನ್ ಅಯಾನುಗಳು ಕೆಲವು ಕಕ್ಷಕಗಳನ್ನು ಹೆಚ್ಚು, ಕೆಲವನ್ನು ಕಡಿಮೆ ಒತ್ತುವುದರಿಂದ ಶಕ್ತಿಮಟ್ಟಗಳು ಒಡೆಯುತ್ತವೆ. ಎಲೆಕ್ಟ್ರಾನು ಕೆಳಮಟ್ಟದಿಂದ ಮೇಲೇರಲು ಬೇಕಾದಷ್ಟು ಶಕ್ತಿಯ ಬೆಳಕನ್ನು ಹೀರುತ್ತದೆ. ಹೀರದೆ ಉಳಿದದ್ದೇ ಕಣ್ಣಿಗೆ ಕಾಣುವ ಬಣ್ಣ.

ಎರಡೂ ರತ್ನಗಳಲ್ಲಿ ಕ್ರೋಮಿಯಂ ಸುತ್ತ ಆರು ಆಕ್ಸಿಜನ್‌ಗಳಿವೆ. ಆದರೆ ಮಾಣಿಕ್ಯದಲ್ಲಿ ಅವುಗಳ ಪ್ರಭಾವ ಹೆಚ್ಚು: ಮಟ್ಟಗಳ ಅಂತರ ಸುಮಾರು 2.23 ಎಲೆಕ್ಟ್ರಾನ್‌ ವೋಲ್ಟ್. ಪಚ್ಚೆಯಲ್ಲಿ ಅದು ಸುಮಾರು 2.05. ಮಾಣಿಕ್ಯ ಹಳದಿ-ಹಸಿರನ್ನೂ ನೇರಳೆಯನ್ನೂ ಹೀರಿ ಕೆಂಪನ್ನು ಬಿಡುತ್ತದೆ. ಪಚ್ಚೆಯಲ್ಲಿ ಹೀರಿಕೆ ಕೆಂಪಿನ ಕಡೆಗೆ ಸರಿಯುವುದರಿಂದ ಹಸಿರು ಪಾರಾಗುತ್ತದೆ.

ಲೋಹದ ಪ್ರಮಾಣವೂ ಮುಖ್ಯ. ಕೊರಂಡಮ್‌ನಲ್ಲಿ ಅಲ್ಯೂಮಿನಿಯಂ ಪೂರ್ತಿ ಹೋಗಿ ಕ್ರೋಮಿಯಂ ತುಂಬಿದರೆ ಅದು ಕ್ರೋಮಿಯಂ ಆಕ್ಸೈಡ್. ರಚನೆ ಅದೇ, ಬಣ್ಣ ಮಾತ್ರ ಹಸಿರು. ಕ್ರೋಮಿಯಂ ಅಯಾನು ಅಲ್ಯೂಮಿನಿಯಂಗಿಂತ ದೊಡ್ಡದು. ಮಾಣಿಕ್ಯದ ಇಕ್ಕಟ್ಟಿನಲ್ಲಿ ಆಕ್ಸಿಜನ್‌ಗಳು ಅದಕ್ಕೆ ತೀರಾ ಹತ್ತಿರವಿರುತ್ತವೆ, ಕ್ರೋಮಿಯಂ ಆಕ್ಸೈಡ್‌ನಲ್ಲಿ ತುಸು ದೂರ ಸರಿಯುತ್ತವೆ.

ಇದೇ ತತ್ತ್ವದಿಂದ ಹೊಸ ವರ್ಣದ್ರವ್ಯಗಳೂ ಬಂದಿವೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಸ್ ಸುಬ್ರಮಣಿಯನ್ ಅವರ ತಂಡ ಎಲೆಕ್ಟ್ರಾನಿಕ್ಸ್‌ಗೆ ಒದಗುವ ವಸ್ತುಗಳನ್ನು ಹುಡುಕುತ್ತಿದ್ದಾಗ, 2009ರಲ್ಲಿ ಕಡುನೀಲಿ ಪುಡಿಯೊಂದು ಸಿಕ್ಕಿತು. ಯಿಟ್ರಿಯಂ ಇಂಡಿಯಂ ಆಕ್ಸೈಡ್ ಬಿಳಿ, ಯಿಟ್ರಿಯಂ ಮ್ಯಾಂಗನೀಸ್ ಆಕ್ಸೈಡ್ ಕಪ್ಪು. ಮೊದಲನೆಯದರ ಇಂಡಿಯಂನಲ್ಲಿ ಸ್ವಲ್ಪ ಪಾಲನ್ನು ಮ್ಯಾಂಗನೀಸ್‌ಗೆ ಬಿಟ್ಟುಕೊಟ್ಟಾಗ ನೀಲಿ ಬಂತು. ಅಲ್ಲಿ ಮ್ಯಾಂಗನೀಸ್ ಸುತ್ತ ಒಂದೇ ಸಮತಲದಲ್ಲಿ ಮೂರು, ಮೇಲೊಂದು, ಕೆಳಗೊಂದು, ಹೀಗೆ ಐದು ಆಕ್ಸಿಜನ್‌ಗಳಿವೆ. ಅಪರೂಪದ ಈ ಜೋಡಣೆಯಲ್ಲಿ ಅದು ಕೆಂಪು, ಹಸಿರುಗಳನ್ನು ಬಲವಾಗಿ ಹೀರಿ ನೀಲಿಯನ್ನು ಬಿಡುತ್ತದೆ. ಮ್ಯಾಂಗನೀಸ್ ಹೆಚ್ಚಿದಂತೆ ಪುಡಿ ಕಪ್ಪಿಗೆ ತಿರುಗುತ್ತದೆ. ಅದರ ಬದಲು ಕಬ್ಬಿಣ ಸೇರಿದರೆ ಕಿತ್ತಳೆ, ತಾಮ್ರ ಸೇರಿದರೆ ಹಸಿರು.

ಸುಮಾರು 1200 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ತಯಾರಾಗುವ ಈ ನೀಲಿ ಸುಲಭವಾಗಿ ಮಾಸುವುದಿಲ್ಲ. ಅವಕೆಂಪು ಕಿರಣಗಳನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಚಾವಣಿಗೆ ಬಳಿದರೆ ಕಟ್ಟಡ ಅಷ್ಟು ಕಾಯುವುದಿಲ್ಲ. ಆದರೆ ಇಂಡಿಯಂ ದುಬಾರಿಯಾದ್ದರಿಂದ ಪುಡಿಯ ಬೆಲೆಯೂ ಹೆಚ್ಚು.